ಕೀಲಿ ಯಾರ ಕೈಯಲ್ಲಿ?

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಹೇಳಿ ಕಳುಹಿಸಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಇಲ್ಲಿ ಬಿ.ಎ. ಓದುತ್ತಿದ್ದಾಗ ನಾನು ಸಂಚಿಕೆಗೆ ಕೊಟ್ಟ ಒಂದೇ ಒಂದು ಕವಿತೆ ಅಚ್ಚಾಗದೆ ಹಿಂದಿರುಗಿತ್ತು. ಈಗ ಹಳೆಯ ವಿದ್ಯಾರ್ಥಿಯೆಂಬ ಸಲುಗೆಯಿಂದ ಗದ್ಯವನ್ನು ಕಳುಹಿಸುತ್ತಿದ್ದೇನೆ; ಇದು ಹಿಂದಿರುಗಲಾರದೆಂದು ನಂಬಿದ್ದೇನೆ.

ನನ್ನ ಉದ್ಯೋಗವನ್ನು ನಾಲ್ಕು ಜನರಿಗೆ ತಿಳಿಯುವಂತೆ ಹೇಳುವುದು ಸುಲಭವಲ್ಲ. ಸುರಪುರದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯೊಂದರಲ್ಲಿ ಕುಳಿತು, ಯಾದಗಿರಿ, ಶಹಾಪುರ, ಸುರಪುರಗಳ ವ್ಯಾಪಾರಿಗಳಿಗೂ ಶಾಲೆಗಳಿಗೂ ವೆಬ್‌ಸೈಟುಗಳನ್ನು ಕಟ್ಟಿಕೊಡುತ್ತೇನೆ. ಯಾವ ಕಂಪೆನಿಯ ನೌಕರನೂ ನಾನಲ್ಲ. ಇದಕ್ಕೆ ಫ್ರೀಲಾನ್ಸರ್ ಎಂಬ ಗಂಭೀರವಾದ ಹೆಸರಿದೆ. ನಮ್ಮವ್ವ ಮಾತ್ರ ಕೇಳಿದವರಿಗೆಲ್ಲ, "ಕೂಲಿ ಮಾಡ್ತಾನ್ರಿ, ಕುಂತಲ್ಲೇ" ಎಂದು ಹೇಳುತ್ತಾಳೆ. ವಿಚಾರ ಮಾಡಿ ನೋಡಿದರೆ ಇದಕ್ಕಿಂತ ಸರಿಯಾದ ಅನುವಾದ ಸಿಕ್ಕಲಾರದು.

ಕೂಲಿಯವನಿಗೂ ತನ್ನದೆಂಬ ಒಂದು ಕುಡುಗೋಲು ಬೇಕು. ನಾನು ಮೊದಲು ಹಿಡಿದ ಕುಡುಗೋಲು ಕದ್ದದ್ದಾಗಿತ್ತು. ಚಿತ್ರ ತಿದ್ದುವುದಕ್ಕೆ, ಪುಟ ಕಟ್ಟುವುದಕ್ಕೆ ಬೇಕಾದ ತಂತ್ರಾಂಶಗಳ ಬೆಲೆ ನನ್ನ ಆರು ತಿಂಗಳ ಸಂಪಾದನೆಗೂ ಎಟುಕುವಂತಿರಲಿಲ್ಲ. ಯಾರದೋ ಪೆನ್‌ಡ್ರೈವಿನಿಂದ ಬೀಗ ಮುರಿದ ಪ್ರತಿಗಳನ್ನು ತಂದು ಹಾಕಿಕೊಂಡೆ. ಅವುಗಳ ಸಂಗಡ ಕರೆಯದ ಅತಿಥಿಯಂತೆ ವೈರಸ್ಸೂ ಬಂದಿತು. ಒಂದು ರಾತ್ರಿ ನನ್ನ ಮೂರು ತಿಂಗಳ ಕೆಲಸವನ್ನು ತಿಂದು ತೇಗಿತು. ಯಾದಗಿರಿಯ ಗೆಳೆಯನೊಬ್ಬ ಆಗ ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟ. ನಾನು ಮೊದಲು ಕೇಳಿದ ಪ್ರಶ್ನೆ, "ಇದು ಪುಕ್ಕಟೆಯೇನು?" ಎಂಬುದು. ನನ್ನನ್ನು ಮುಕ್ತ ತಂತ್ರಾಂಶದ ಬಳಿಗೆ ಕರೆತಂದದ್ದು ತತ್ತ್ವವಲ್ಲ, ಬಡತನ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪುಕ್ಕಟೆ ಎಂಬುದು ಬೇರೆ, ಮುಕ್ತ ಎಂಬುದು ಬೇರೆ ಎಂದು ತಿಳಿಯುವುದಕ್ಕೆ ನನಗೆ ವರ್ಷಗಳೇ ಹಿಡಿದವು. ನಮ್ಮ ಸುರಪುರದ ಕಡೆಯ ಮುದನೂರು ಜೇಡರ ದಾಸಿಮಯ್ಯನ ಊರು; ಆತ ನೇಕಾರ. ನೇಕಾರನು ಬಟ್ಟೆಯನ್ನು ಬೆಲೆಗೆ ಮಾರಬಹುದು. ಆದರೆ ಅದರ ಹಾಸುಹೊಕ್ಕುಗಳು ಕೊಂಡವನ ಕಣ್ಣಿಗೆ ಕಾಣುತ್ತವೆ. ಹರಿದರೆ ಯಾವ ಸಿಂಪಿಗನಿಂದಲಾದರೂ ಹೊಲಿಸಿಕೊಳ್ಳಬಹುದು. ತಂತ್ರಾಂಶದ ಹಾಸುಹೊಕ್ಕಿಗೆ ಮೂಲಪಾಠವೆಂದು ಹೆಸರು. ಅದನ್ನು ಬಚ್ಚಿಟ್ಟು ಮಾರಿದರೆ, ಹರಿದಾಗಲೆಲ್ಲ ಮಾರಿದವನ ಬಾಗಿಲಿಗೇ ಹೋಗಬೇಕು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಮೂಲಪಾಠವನ್ನು ಬಚ್ಚಿಡದ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ತಂತ್ರಾಂಶವನ್ನು ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ನಾಲ್ಕು ಹಕ್ಕುಗಳು ಪಡೆದವನಿಗೆ ಇರಬೇಕೆಂಬುದು ಅವರ ಮಾತು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಹೊರತಂದಾಗ ಆತನಿಗೆ 21 ವರ್ಷ. ಇದನ್ನು ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳ ವಯಸ್ಸು. ನಾನು ಪುಟ ಕಟ್ಟುವ ವರ್ಡ್‌ಪ್ರೆಸ್ 2003ರಲ್ಲಿ ಇಬ್ಬರು ತರುಣರಿಂದ ಮೊದಲಾಯಿತು. ಇಂದು ಜಗತ್ತಿನ ವೆಬ್‌ಸೈಟುಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಅದರ ಮೇಲೆಯೇ ನಿಂತಿವೆ.

ಇವುಗಳಿಗೆ ಒಂದು ಕರಾರಿದೆ. ತಿದ್ದಿ ಇನ್ನೊಬ್ಬರಿಗೆ ಕೊಡುವುದಾದರೆ, ನೀನು ಪಡೆದ ಹಕ್ಕುಗಳನ್ನೂ ಸಂಗಡವೇ ಕೊಡಬೇಕು. ನಮ್ಮ ಹೊಲಗಳಲ್ಲಿ ಮುಯ್ಯಾಳು ಇದ್ದಂತೆ ಇದು. ಇಂದು ಅವರು ನಮ್ಮ ಹೊಲದಲ್ಲಿ ಕಳೆ ತೆಗೆದರೆ ನಾಳೆ ನಾವು ಅವರ ಹೊಲಕ್ಕೆ ಹೋಗಬೇಕು. ಈ ಹೋಲಿಕೆಯನ್ನು ನಾನು ಬಹಳ ಜನರಿಗೆ ಹೇಳಿ ಮೆಚ್ಚುಗೆ ಪಡೆದಿದ್ದೇನೆ. ಆದರೆ ನಾನೇ ಮುಯ್ಯಿ ತೀರಿಸದೆ ಇದ್ದ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಶಹಾಪುರದಲ್ಲಿ ನಮ್ಮ ತಂದೆಯ ಕಾಲದಿಂದ ಪರಿಚಯದ ಕಾಕಾ ಒಬ್ಬರು ಹತ್ತಿ, ತೊಗರಿಯ ಅಡತಿ ಅಂಗಡಿ ನಡೆಸುತ್ತಾರೆ. ಅವರು ರೈತರ ಲೆಕ್ಕವಿಡಲು ಎಲ್ಲಿಂದಲೋ ಒಂದು ತಂತ್ರಾಂಶವನ್ನು ಕೊಂಡಿದ್ದರು. ಒಂದು ವರ್ಷ ಬಾಡಿಗೆ ಕಟ್ಟುವುದು ತಡವಾಯಿತು. ಅದು ತೆರೆಯದೆ ಹೋಯಿತು. ಮೂರು ವರ್ಷದ ಲೆಕ್ಕ ಒಳಗೇ ಉಳಿಯಿತು. ಕಾಕಾ ಹಳೆಯ ಕಿರ್ದಿ ಚೀಟಿಗಳನ್ನು ಹರವಿಕೊಂಡು ಎರಡು ತಿಂಗಳು ಕೈಯಿಂದ ಲೆಕ್ಕ ಕೂಡಿಸಿದರು. ಆಮೇಲೆ ನನ್ನನ್ನು ಕರೆಸಿದರು. ನಾನು ಮುಕ್ತ ತಂತ್ರಾಂಶದ ಮಹಿಮೆಯನ್ನು ಒಂದು ಗಂಟೆ ವರ್ಣಿಸಿ, ಅದರಲ್ಲಿಯೇ ಒಂದು ವೆಬ್‌ಸೈಟು ಕಟ್ಟಿಕೊಟ್ಟೆ. ದಿನದ ಧಾರಣೆ ಅದರಲ್ಲಿ ಬರುತ್ತಿತ್ತು. ರೈತರು ತಮ್ಮ ಫೋನಿನಲ್ಲಿಯೇ ತಮ್ಮ ಖಾತೆ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೆ 6,000 ರೂಪಾಯಿ ನನ್ನ ಕೂಲಿಯೆಂದು ಗೊತ್ತಾಯಿತು.

ಕಟ್ಟಿದ ತಂತ್ರಾಂಶವೆಲ್ಲ ಮುಕ್ತವೇ. ಆದರೆ ವೆಬ್‌ಸೈಟಿನ ಹೆಸರನ್ನು ನೋಂದಾಯಿಸಿದ್ದು ನನ್ನ ಹೆಸರಿನಲ್ಲಿ. ಸರ್ವರಿನ ಜಾಗವೂ ನನ್ನ ಹೆಸರಿನಲ್ಲಿ. ಪಾಸ್‌ವರ್ಡುಗಳು ನನ್ನ ಡೈರಿಯಲ್ಲಿ. ಕೆಲಸಕ್ಕೆ ಅನುಕೂಲವೆಂದು ಹೀಗೆ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾದ ಕಾರಣ ಆ 6,000 ರೂಪಾಯಿ. ಕಾಕಾ ಇನ್ನೊಬ್ಬರ ಕಡೆ ಹೋಗಬಾರದಲ್ಲ!

ಒಂದು ವರ್ಷ ಪುಷ್ಯಮಾಸದಲ್ಲಿ, ತೊಗರಿಯ ರಾಶಿ ಮಾರುಕಟ್ಟೆಗೆ ಬರುತ್ತಿದ್ದ ಹೊತ್ತಿನಲ್ಲಿ, ನನಗೆ ಡೆಂಗ್ಯೂ ಜ್ವರ ಬಂದು ಕಲಬುರಗಿಯಲ್ಲಿ ಹತ್ತು ದಿನ ಮಲಗಿದೆ. ವೆಬ್‌ಸೈಟಿನ ಹೆಸರಿಗೆ ವರ್ಷದ ಹಣ ಕಟ್ಟುವ ಗಡುವು ಆ ಹತ್ತು ದಿನಗಳಲ್ಲಿಯೇ ಮುಗಿಯಿತು. ವೆಬ್‌ಸೈಟು ಮಾಯವಾಯಿತು. ರೈತರು ಅಂಗಡಿಯ ಮುಂದೆ ಬಂದು ನಿಂತರು. ಕಾಕಾ ನನ್ನನ್ನು ನೋಡಲು ಆಸ್ಪತ್ರೆಗೆ ಬಂದರು, ಬಾಳೆಹಣ್ಣು ತಂದಿದ್ದರು, ವೆಬ್‌ಸೈಟಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಚೇತರಿಸಿಕೊಂಡು ಅಂಗಡಿಗೆ ಹೋದಾಗ, ಚಹಾ ತರಿಸಿ, ಮೆಲ್ಲನೆ ಕೇಳಿದರು:

"ತಮ್ಮಾ, ಆ ಮೊದಲಿನ ಮಂದಿ ಕೀಲಿ ತಮ್ಮ ಕಿಸೆದಾಗ ಇಟ್ಕೊಂಡಿದ್ರು. ಈಗ ಕೀಲಿ ಯಾರ ಕೈಯಾಗ ಅದ?"

"ನನ್ನ ಕೈಯಾಗ ಅದ ಕಾಕಾ," ಎಂದೆ.

"ನಿನಗ ಏನರೆ ಹೆಚ್ಚು ಕಮ್ಮಿ ಆಗಿದ್ರ?"

ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಸುರಪುರದ ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮುಖವನ್ನೇ ಕಾಣದ ಸಾವಿರಾರು ಜನರು ತಮ್ಮ ದುಡಿಮೆಯನ್ನು ಬಿಚ್ಚಿಟ್ಟು ನನಗೆ ಸ್ವಾತಂತ್ರ್ಯ ಕೊಟ್ಟಿದ್ದರು. ನಾನು ಅದನ್ನು ಕಾಕಾನವರೆಗೆ ಹೋಗಗೊಡದೆ ನಡುವೆ ಬೀಗ ಹಾಕಿ ಕುಳಿತಿದ್ದೆ. ತಂತ್ರಾಂಶ ಮುಕ್ತವಾಗಿದ್ದರೆ ಸಾಲದು. ಅದನ್ನು ಒಯ್ದು ಮುಟ್ಟಿಸುವವನೂ ಕೈ ಬಿಚ್ಚಬೇಕು.

ಮರುವಾರ ವೆಬ್‌ಸೈಟಿನ ಹೆಸರನ್ನೂ ಸರ್ವರನ್ನೂ ಕಾಕಾನ ಹೆಸರಿಗೆ ವರ್ಗ ಮಾಡಿಸಿದೆ. ಮೂಲಪಾಠವನ್ನೂ ಲೆಕ್ಕದ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಹಾಕಿ, ಪಾಸ್‌ವರ್ಡುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ನಾನು ಹೆದರಿದ್ದಂತೆಯೇ ಆಯಿತು. ಯಾದಗಿರಿಯಲ್ಲಿದ್ದ ಅವರ ಅಣ್ಣನ ಮಗ ಈ ವಿದ್ಯೆ ಕಲಿತವನು. ಮರುವರ್ಷದಿಂದ ಕೆಲಸ ಅವನ ಪಾಲಾಯಿತು. 6,000 ರೂಪಾಯಿ ಹೋಯಿತು. ಆ ಬೇಸಗೆಯಲ್ಲಿ ನನಗೆ ತತ್ತ್ವಜ್ಞಾನದಿಂದ ಹೆಚ್ಚು ಸಮಾಧಾನವೇನೂ ಸಿಕ್ಕಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಕೆಲವು ತಿಂಗಳ ಮೇಲೆ ಆ ಹುಡುಗನೇ ಫೋನು ಮಾಡಿದ. "ಅಣ್ಣಾ, ನಿಮ್ಮ ಕೆಲಸದಾಗ ಒಂದು ತಪ್ಪು ಸಿಕ್ಕೈತ್ರಿ," ಎಂದ. ಮೊದಲು ಸಿಟ್ಟು ಬಂದಿತು. ತಪ್ಪು ನಿಜವಾಗಿಯೂ ಇತ್ತು. ಹೊನ್ನಪ್ಪ ಎಂಬ ಹೆಸರಿನ ರೈತರೊಬ್ಬರ ಮಾಲಿನ ಲೆಕ್ಕ ಎರಡು ಖಾತೆಗಳಲ್ಲಿ ಹಂಚಿಹೋಗಿತ್ತು. ಅವರಿಗೆ ಕಾಣುತ್ತಿದ್ದುದು ಒಂದೇ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಆದರೆ 'ಹೊ' ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದೇ ಸಂಖ್ಯೆಯಿಂದಲೂ ಬರೆಯಬಹುದು, ಎತ್ವದ ಚಿಹ್ನೆಗೆ ಊಕಾರದ ಚಿಹ್ನೆಯನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಎರಡನ್ನೂ ಒಂದು ರೂಪಕ್ಕೆ ತಂದು ಹೋಲಿಸುವ ನಾಲ್ಕು ಸಾಲುಗಳನ್ನು ನಾನು ಬರೆಯಲು ಮರೆತಿದ್ದೆ. ಹುಡುಗ ಅವನ್ನು ಬರೆದು, ನನಗೂ ಕಳುಹಿಸಿದ್ದ. ನಾನು ಕಟ್ಟಿದ್ದ ಇನ್ನೂ ಐದು ವೆಬ್‌ಸೈಟುಗಳಲ್ಲಿ ಅದೇ ತಪ್ಪಿತ್ತು. ಅವನ ನಾಲ್ಕು ಸಾಲುಗಳು ಐದನ್ನೂ ಸರಿಪಡಿಸಿದವು. ಮೂಲಪಾಠ ನನ್ನ ಡೈರಿಯ ಸಂಗಡ ಪೆಟ್ಟಿಗೆಯಲ್ಲಿಯೇ ಇದ್ದಿದ್ದರೆ ಹೊನ್ನಪ್ಪನವರ ಆ ಮಾಲಿನ ಹಣ ಯಾರಿಗೂ ತಿಳಿಯದೆ ಉಳಿದುಬಿಡುತ್ತಿತ್ತು.

ಅಂದಿನಿಂದ ಹೊಸ ಕೆಲಸ ಹಿಡಿದಾಗ ವೆಬ್‌ಸೈಟಿನ ಹೆಸರನ್ನು ಗಿರಾಕಿಯ ಹೆಸರಿನಲ್ಲಿಯೇ ನೋಂದಾಯಿಸುತ್ತೇನೆ. ಕೆಲವರು ಬಿಟ್ಟುಹೋಗುತ್ತಾರೆ, ಹೆಚ್ಚಿನವರು ಉಳಿಯುತ್ತಾರೆ. ಉಳಿದವರು ಬೀಗಕ್ಕೆ ಹೆದರಿ ಉಳಿದವರಲ್ಲವೆಂಬ ನೆಮ್ಮದಿ ನನಗಿದೆ. ಬಿಡುವಾದಾಗ ತಂತ್ರಾಂಶಗಳ ಸೂಚನೆಗಳನ್ನು ಕನ್ನಡಕ್ಕೆ ತಿರುಗಿಸಿ ಕಳುಹಿಸುತ್ತೇನೆ. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಚೆಲುವಾದ ಹೆಸರಿನ ಮುಕ್ತ ಅಕ್ಷರಶೈಲಿಗಳನ್ನು ನಾನು ಬೆಲೆ ಕೊಡದೆ ಬಳಸಿದ್ದೇನೆ. ಅಷ್ಟು ಮುಯ್ಯಿಯನ್ನಾದರೂ ತೀರಿಸಬೇಡವೆ? ಈ ಕೆಲಸಕ್ಕೆ ಬೇಕಾದದ್ದು ಕನ್ನಡ ಚೆನ್ನಾಗಿ ಬಲ್ಲವರು. ಆದುದರಿಂದ ನಮ್ಮ ಕಲಾ ಕಾಲೇಜಿನ ತರುಣರು ಇದು ವಿಜ್ಞಾನದವರ ಪಾಲಿನದೆಂದು ದೂರ ನಿಲ್ಲಬೇಕಾಗಿಲ್ಲ.

ಕಳೆದ ದೀಪಾವಳಿಯ ಲಕ್ಷ್ಮೀಪೂಜೆಗೆ ಕಾಕಾ ಕರೆದಿದ್ದರು. ಹೊಸ ಖಾತೆ ಪುಸ್ತಕಗಳನ್ನು ಜೋಡಿಸಿ, ಅರಿಷಿಣ ಕುಂಕುಮ ಏರಿಸಿ, ಚೆಂಡುಹೂ ಇಟ್ಟಿದ್ದರು. ಎಲ್ಲಕ್ಕಿಂತ ಮೇಲೆ ನಾಲ್ಕು ಮಡಿಕೆಯ ಒಂದು ಹಾಳೆಯಿತ್ತು. ಅದು ನಾನು ಪಾಸ್‌ವರ್ಡುಗಳನ್ನು ಬರೆದುಕೊಟ್ಟ ಹಾಳೆ. ಅದಕ್ಕೂ ಕುಂಕುಮ ಹಚ್ಚಿದ್ದರು. ನಾನು ನೋಡುತ್ತಿರುವುದನ್ನು ಕಂಡು ಕಾಕಾ, "ಕೀಲಿ ಅಲ್ಲೇನೋ ತಮ್ಮಾ, ಅದಕ್ಕೂ ಪೂಜಿ ಆಗಬೇಕು" ಎಂದು, ನನ್ನ ಕೈಯಲ್ಲಿ ಒಂದು ಉಂಡಿ ಇಟ್ಟರು.