ಕೇರಿಯಿಂದ ಲಂಡನ್ನಿಗೆ ನಾಲ್ಕು ತಿಂಗಳು

ಪರದೇಶಕ್ಕೆ ಹೋಗಿ ಬಂದವರು ಬರೆದ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ. ನಾನು ಓದಿದವುಗಳಲ್ಲಿ ಹಿಮ ಇದೆ, ಸೇತುವೆ ಇದೆ, ಅನ್ನ-ಸಾರು ಸಿಗದ ಸಂಕಟ ಇದೆ. ಹೋದವನ ಕೇರಿ ಯಾವುದು ಅನ್ನೋದು ಮಾತ್ರ ಇಲ್ಲ. ಅವರಿಗೆ ಅದರ ಅಗತ್ಯ ಬಿದ್ದಿಲ್ಲ. ನಮ್ಮಂಥವರು ಹೊರಟರೆ ಕೇರಿಯೂ ಜೊತೆಗೇ ವಿಮಾನ ಹತ್ತುತ್ತದೆ.

2018ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಒಂದು ಸೆಮಿಸ್ಟರು ನಾನು ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದಿದೆ. ಇಲ್ಲಿನ ವಿಶ್ವವಿದ್ಯಾನಿಲಯಕ್ಕೂ ಅಲ್ಲಿನದಕ್ಕೂ ಒಪ್ಪಂದವಿತ್ತು, ಹೊಟ್ಟೆಪಾಡಿಗೆ ವಿದ್ಯಾರ್ಥಿವೇತನವಿತ್ತು. ನನ್ನವ್ವ ಪಟ್ಟಣದಲ್ಲಿ ಗುತ್ತಿಗೆ ಪೌರಕಾರ್ಮಿಕಳು. ನಾನು ಹೊರಟ ದಿನವೂ ಅವಳಿಗೆ ರಜ ಸಿಗಲಿಲ್ಲ. ಬೆಳಗಿನ ಜಾವ ಪೊರಕೆ ಹಿಡಿದು ಹೋದಳು, ನಾನು ಪೆಟ್ಟಿಗೆ ಹಿಡಿದು ಬಂದೆ.

ಅಲ್ಲಿ ತರಗತಿ ಅಂದರೆ ಒಂದು ಮೇಜು, ಸುತ್ತ ಹನ್ನೆರಡು ಜನ. ಮೇಷ್ಟರನ್ನು ಹೆಸರು ಹಿಡಿದೇ ಕರೆಯಬೇಕು. ಅವರೊಂದು ದಿನ ನನ್ನ ಕಡೆ ತಿರುಗಿ, "ಈ ಲೇಖಕ ಹೇಳಿದ್ದನ್ನು ನೀನು ಒಪ್ಪುತ್ತೀಯಾ?" ಎಂದರು. ಹದಿನೇಳು ವರ್ಷದ ಓದಿನಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಕೇಳುತ್ತಿದ್ದದ್ದು ಎರಡೇ: "ಅಂಗಳ ಗುಡಿಸಿದ್ಯೇನೋ? ಸ್ಕಾಲರ್‌ಶಿಪ್ ಫಾರಂ ತುಂಬಿದ್ಯೇನೋ?" ಮೂರನೇ ವಾರಕ್ಕೆ ನಾನು "ಇಲ್ಲ, ಒಪ್ಪುವುದಿಲ್ಲ" ಅಂದೆ. ಯಾರೂ ಮುನಿಯಲಿಲ್ಲ. "ಯಾಕೆ?" ಅಂದರು. ಇಂಗ್ಲಿಷು ಕುಂಟುತ್ತಿತ್ತು, ಆದರೂ ಹೇಳಿ ಮುಗಿಸುವವರೆಗೆ ಎಲ್ಲರೂ ಕಾದರು.

ಹಾಸ್ಟೆಲಿನಲ್ಲಿ ಎಂಟು ಜನಕ್ಕೆ ಒಂದೇ ಅಡಿಗೆಮನೆ, ಒಂದೇ ನಲ್ಲಿ. ಕೈಗೆ ಸಿಕ್ಕ ಲೋಟದಲ್ಲಿ ಎಲ್ಲರೂ ನೀರು ಕುಡಿಯುತ್ತಿದ್ದೆವು. ನಮ್ಮೂರ ಹೋಟ್ಲಲ್ಲಿ ನಮ್ಮಪ್ಪನ ಲೋಟವನ್ನು ಹೊರಗಿನ ಗೋಡೆ ಮೇಲೆ ಕವುಚಿ ಇಡುತ್ತಿದ್ದರು. ಕುಡಿದ ಮೇಲೆ ಅವನೇ ತೊಳೆದು ಮತ್ತೆ ಅಲ್ಲೇ ಇಡಬೇಕು. ಮೈಲಿಗೆ ಅನ್ನೋದು ಸುಳ್ಳು ಅಂತ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಅದು ಮೈಗೆ ಗೊತ್ತಾದದ್ದು ಆ ನಲ್ಲಿಯ ಮುಂದೆ.

ಹಾಗಂತ ಲಂಡನ್ನು ಸ್ವರ್ಗ ಅಂದುಕೊಳ್ಳಬೇಡಿ. ನವೆಂಬರಿನಲ್ಲಿ ಅಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟಕ್ಕೆ ಹೋದೆ. ಹೋಳಿಗೆ ಬಡಿಸುತ್ತಿದ್ದ ಹಿರಿಯರೊಬ್ಬರು ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ಅದರಲ್ಲೂ ಸುಳಿವು ಸಿಗದೆ, "ನೀವು ಯಾವ ಪೈಕಿ?" ಅಂದರು.

"ಹೊಲಗೇರಿಯವನು ಸ್ವಾಮಿ. ಇನ್ನೊಂದು ಹೋಳಿಗೆ ಹಾಕಿ" ಅಂದೆ, ಅಕ್ಕಪಕ್ಕದವರಿಗೂ ಕೇಳುವ ಹಾಗೆ. ಹೋಳಿಗೆ ಬಂತು. ಮಾತು ನಿಂತಿತು.

ಥೇಮ್ಸ್ ನದಿಯ ದಂಡೆಯಲ್ಲಿ 2015ರಿಂದ ಬಸವಣ್ಣನ ಪ್ರತಿಮೆ ಇದೆ. ಅದೇ ಊರಿನಲ್ಲಿ ಈ ಪ್ರಶ್ನೆಯೂ ಇದೆ. ಬ್ರಿಟನ್ನಿನ ಸಮಾನತೆ ಕಾನೂನಿಗೆ ಜಾತಿಯನ್ನೂ ಸೇರಿಸಬೇಕು ಎಂದು ಅಲ್ಲಿನ ಪಾರ್ಲಿಮೆಂಟು 2013ರಲ್ಲಿ ಹೇಳಿತ್ತು. ನಾನು ಹೋಗುವ ಎರಡು ತಿಂಗಳ ಮುಂಚೆ, 2018ರ ಜುಲೈನಲ್ಲಿ, ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮ ಜನ ಸಮುದ್ರ ದಾಟುವಾಗ ಉಪ್ಪಿನಕಾಯಿ ಜೊತೆ ಇದನ್ನೂ ಕಟ್ಟಿಕೊಂಡು ಹೋಗಿದ್ದಾರೆ.

ಬಾಬಾಸಾಹೇಬರು ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 2017ರಲ್ಲಿ ಕಸ ಗುಡಿಸುವವರು ಮುಷ್ಕರ ಹೂಡಿದ್ದರು. ಬಹುಪಾಲು ಬೇರೆ ದೇಶಗಳಿಂದ ದುಡಿಯಲು ಬಂದವರು, ಗುತ್ತಿಗೆಯವರು. ಕೊನೆಗೆ ಗುತ್ತಿಗೆ ಹೋಗಿ ಸಂಸ್ಥೆಯ ನೇರ ನೌಕರರಾದರು. ಈ ಸಂಗತಿಯನ್ನು ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಅಲ್ಲೂ ಕಸ ಗುಡ್ಸೋರು ಬಡವ್ರೇ ಏನ್ಲಾ?" ಅಂದಳು. ಆಮೇಲೆ, "ಮುಸ್ಕರ ಮಾಡುದ್ರೆ ತಗ್ದಾಕ್ನಿಲ್ವ ಅವ್ರ್ನ?"

"ಇಲ್ಲ ಕಣವ್ವ, ಗೆದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಎಷ್ಟ್ ಜನ ಸೇರಿದ್ರು?"

ಆ ನಾಲ್ಕು ತಿಂಗಳಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಾನು ಯಾವ ತರಗತಿಯಲ್ಲೂ ಕೇಳಲಿಲ್ಲ.

ಹೊರಡುವ ಮುಂಚೆ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ ಮುಂದೆ ಹೋಗಿ ನಿಂತೆ. 1921-22ರಲ್ಲಿ ಬಾಬಾಸಾಹೇಬರು ಇದ್ದ ಮನೆ. ಅವರು ಓದಲು ಲಂಡನ್ನಿಗೆ ಬಂದದ್ದು ಎರಡು ಸಲ. 1916ರಲ್ಲಿ ಬಂದರು, ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ವಾಪಸಾದರು. ಕೊಲಂಬಿಯಾ, ಲಂಡನ್ ಎರಡೂ ಕಡೆ ಓದಿ ಬಂದವರಿಗೆ ಬರೋಡದಲ್ಲಿ ತಲೆ ಮರೆಸಿಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಆದರೂ 1920ರಲ್ಲಿ ಮತ್ತೆ ಹೋಗಿ 1923ರಲ್ಲಿ ಡಿ.ಎಸ್‌ಸಿ. ಮುಗಿಸಿದರು. ಮತ್ತೆ ಇದೇ ದೇಶಕ್ಕೆ ಬಂದರು. 1927ರಲ್ಲಿ ಮಹಾಡಿನ ಕೆರೆಗೆ ಇಳಿದರು. ಪದವಿ ಒಬ್ಬನ ಮೈಲಿಗೆಯನ್ನೂ ತೊಳೆಯುವುದಿಲ್ಲ ಅನ್ನೋದು ಅವರಿಗೆ ಬರೋಡದಲ್ಲೇ ಗೊತ್ತಾಗಿತ್ತು. ಕೆರೆಗೆ ಎಲ್ಲರೂ ಒಟ್ಟಿಗೇ ಇಳಿಯಬೇಕು.

ಕೊಲಂಬಿಯಾದಲ್ಲಿ 1916ರಲ್ಲಿ ಅವರು ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಮೇಲೆ. 2022ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು: ಪರಿಶಿಷ್ಟ ಜಾತಿಯವರ ವಿದೇಶಿ ವ್ಯಾಸಂಗದ ವೇತನದಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಅಧ್ಯಯನಕ್ಕೆ ಜಾಗವಿಲ್ಲ. ಹೋಗಿ, ಓದಿ, ಆದರೆ ನಿಮ್ಮ ಕೇರಿಯನ್ನು ಮಾತ್ರ ಓದಬೇಡಿ ಅಂದ ಹಾಗಾಯಿತು. ಆ ದಿನ ಈ ನಿಯಮ ಇದ್ದಿದ್ದರೆ ಬಾಬಾಸಾಹೇಬರ ಅರ್ಜಿ ಏನಾಗುತ್ತಿತ್ತು, ಯೋಚಿಸಿ.

ಲಂಡನ್ನಿಗೆ ಹೋಗಿ ನಮ್ಮ ಹುಡುಗ ಬೆಳೆದ ಅಂತ ಕೇರಿಯಲ್ಲಿ ಅಂತಾರೆ. ಅವ್ವನ ಕೈಯಲ್ಲಿ ಅದೇ ಪೊರಕೆ ಇರುವಾಗ ನಾನೊಬ್ಬ ಬೆಳೆದೆ ಅಂದರೆ ಲೆಕ್ಕ ತಾಳೆಯಾಗುವುದಿಲ್ಲ. ಗೆಳೆಯರೆ, ಪಾಸ್‌ಪೋರ್ಟು ಮಾಡಿಸಿ, ಅರ್ಜಿ ಹಾಕಿ, ಹೋಗಿ ಬನ್ನಿ. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು: ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಮಕ್ಕಳನ್ನು ನಾಳೆ ಬೆಳಿಗ್ಗೆಯೇ "ನೀನು ಏನಂತೀಯ?" ಎಂದು ಕೇಳಿ. ಅದಕ್ಕೆ ವೀಸಾ ಬೇಕಿಲ್ಲ.