ಮನೆಯ ದಾರಿ

ತನ್ನ ಮನೆಗೆ ದಾರಿ ಹೇಳುವುದು ಬಹು ಸುಲಭವೆಂದು ಪ್ರತಿಯೊಬ್ಬ ಗೃಹಸ್ಥನೂ ಭಾವಿಸಿರುತ್ತಾನೆ. ಹುಟ್ಟಿದಂದಿನಿಂದ ನಡೆದ ದಾರಿ. ಕಣ್ಣು ಮುಚ್ಚಿಕೊಂಡು ಹೋದರೂ ಕಾಲು ತಪ್ಪದು. ಆದರೆ ಅದೇ ದಾರಿಯನ್ನು ಹೊಸಬನೊಬ್ಬನಿಗೆ, ಅದೂ ಕತ್ತಲೆಯಲ್ಲಿ, ಅದೂ ಅವಸರದಲ್ಲಿ ಹೇಳಬೇಕಾಗಿ ಬಂದಾಗ ನಮ್ಮ ಅರಿವು ಎಷ್ಟು ಅಲ್ಪವಾದುದೆಂಬುದು ತಿಳಿಯುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕಲಿತ ಬಗೆಯನ್ನೇ ವಾಚಕರ ಮುಂದೆ ಇಡುತ್ತೇನೆ.

ನಮ್ಮೂರು ತ್ರಾಸಿ. ಕುಂದಾಪುರದಿಂದ ಬೈಂದೂರಿಗೆ ೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋದವರು ಇದನ್ನು ಕಾಣದೆ ಇರಲಾರರು. ಎಡಕ್ಕೆ ಕಡಲು, ಸ್ವಲ್ಪ ಮುಂದೆ ಮರವಂತೆಯಲ್ಲಿ ಬಲಕ್ಕೆ ಸೌಪರ್ಣಿಕೆ. ಪ್ರವಾಸಿಗಳು ಬಂಡಿ ನಿಲ್ಲಿಸಿ, ಚಿತ್ರ ತೆಗೆದು, ಹೊರಟುಹೋಗುತ್ತಾರೆ. ಅವರು ನೋಡಿದುದು ರಸ್ತೆಯನ್ನು. ಊರಿರುವುದು ಅದರ ಹಿಂದೆ. ಕೊಲ್ಲೂರಿನ ಕಡೆಯಿಂದ ಇಳಿದು ಬರುವ ಆ ನದಿಯು ಕಡಲಿನ ಮಗ್ಗುಲಿಗೆ ಬಂದೂ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯಲ್ಲಿ ಉಳಿದ ಹೊಳೆಗಳೊಡನೆ ಕೂಡುತ್ತದೆ. ಈ ತಿರುವಿನ ನಡುವೆ ತೋಡುಗಳು, ಗದ್ದೆಗಳು, ಹಾಡಿಗಳು, ಕುದ್ರುಗಳು. ಮನೆಗಳು ಬೀದಿಯಾಗಿ ಸಾಲುಗಟ್ಟಿ ನಿಂತಿಲ್ಲ. ಒಂದೊಂದೂ ತನ್ನ ತೆಂಗಿನ ಹಿತ್ತಿಲೊಳಗೆ ಅಡಗಿರುತ್ತದೆ. ಬೆಟ್ಟು, ಬೈಲು, ಕೋಡಿ, ಹಾಡಿ ಎಂದು ಮುಗಿಯುವ ಹೆಸರೇ ಅದರ ವಿಳಾಸ. ಅಂಚೆಯವನಿಗೆ ಇಷ್ಟು ಸಾಕು, ಬೇರೆಯವರಿಗೆ ಸಾಲದು.

೨೦೨೩ನೆಯ ಇಸವಿಯ ಆಷಾಢದ ಒಂದು ರಾತ್ರಿ, ತೋಡಿನ ಆಚೆ ದಡದಲ್ಲಿರುವ ನಮ್ಮ ಅತ್ತಿಗೆಯವರಿಗೆ ಊಟಕ್ಕೆ ಕುಳಿತಲ್ಲಿಯೇ ಬಲಗೈ ಸೋತು ಮಾತು ತೊದಲಿತು. ಪಕ್ಷವಾತವೆಂಬುದು ಮನೆಯವರಿಗೆ ಕೂಡಲೇ ತಿಳಿಯಿತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವುಂಟು. ಅದನ್ನು ನಾಲ್ಕೂವರೆ ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ, ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಕಳೆದ ಒಂದೊಂದು ನಿಮಿಷವೂ ರೋಗಿಯ ಲೆಕ್ಕಕ್ಕೆ ನಷ್ಟವೇ. ಆಂಬುಲೆನ್ಸಿಗೆ ಹೇಳಿಕಳುಹಿಸಿದ್ದಾಯಿತು. ದಾರಿ ತಿಳಿಸುವ ಕೆಲಸವು, ಮಾತು ಬಲ್ಲವನೆಂಬ ಕಾರಣದಿಂದ, ನನ್ನ ಪಾಲಿಗೆ ಬಂದಿತು.

ಚಾಲಕನ ಮೊಬೈಲಿನಲ್ಲಿದ್ದ ನಕ್ಷೆಯು ತೋಡಿನ ಕಾಲುಸಂಕವನ್ನು ಬಂಡಿ ಹೋಗುವ ರಸ್ತೆಯಂತೆ ತೋರಿಸಿತ್ತು. ನಾನು ಅದನ್ನು ಸರಿಪಡಿಸಬೇಕಾಗಿತ್ತು. "ಅಶ್ವತ್ಥದ ಕಟ್ಟೆಯಿಂದ ಪೂರ್ವಕ್ಕೆ ತಿರುಗಿ" ಎಂದೆನು. ಮಳೆಗಾಲದ ರಾತ್ರಿ ಆ ಪರಸ್ಥಳದ ಹುಡುಗನಿಗೆ ಪೂರ್ವ ಯಾವುದು? ಅಷ್ಟೇ ಅಲ್ಲ, ನಾನು ಹೇಳಿದ ಅಶ್ವತ್ಥವು ೨೦೨೧ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿಯೇ ಉರುಳಿ, ಕಟ್ಟೆಯೂ ಕಲ್ಲುರಾಶಿಯಾಗಿ ಎರಡು ವರ್ಷ ಕಳೆದಿದ್ದುವು. ನನ್ನ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ನಿಂತಿತ್ತು. ಬಂಡಿಯು ಕಾಲುಸಂಕದ ತನಕ ಬಂದು, ಹಿಂದಿರುಗಿ, ಸುತ್ತಿ ಬರುವಷ್ಟರಲ್ಲಿ ನಲ್ವತ್ತು ನಿಮಿಷಗಳು ಸಂದುವು. ಅತ್ತಿಗೆಯವರು ಬದುಕಿಕೊಂಡರು. ಬಲಗೈ ಇಂದಿಗೂ ಸ್ವಾಧೀನಕ್ಕೆ ಬಂದಿಲ್ಲ. ಆ ನಲ್ವತ್ತು ನಿಮಿಷಗಳೇ ಕಾರಣವೆಂದು ಯಾವ ವೈದ್ಯರೂ ನನ್ನೊಡನೆ ಹೇಳಲಿಲ್ಲ; ಅಲ್ಲವೆಂದೂ ಹೇಳಲಿಲ್ಲ.

ಅಂದು ನನ್ನನ್ನು ಹೆಚ್ಚಾಗಿ ನಾಚಿಸಿದುದು ಮತ್ತೊಂದು ಸಂಗತಿ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಸಂಸ್ಕೃತವನ್ನು ಕಲಿಸಿದವನು. ಆಸಕ್ತರಾದ ಹುಡುಗರನ್ನು ಸಂಜೆ ಕೂಡಿಸಿಕೊಂಡು ಮೇಘದೂತವನ್ನು ಓದಿಸಿದವನು. ಆ ಕಾವ್ಯದ ಯಕ್ಷನು ಮಾಡುವ ಕೆಲಸವಾದರೂ ಏನು? ರಾಮಗಿರಿಯಿಂದ ಅಲಕಾಪುರಿಯ ತನಕ ದಾರಿ ಹೇಳುವುದು. ಊರು ಮುಟ್ಟಿದ ಮೇಲೆ ತನ್ನ ಮನೆಯ ಗುರುತನ್ನು ಎಷ್ಟು ಜಾಗರೂಕತೆಯಿಂದ ಕೊಡುತ್ತಾನೆ! ಕುಬೇರನ ಅರಮನೆಯ ಉತ್ತರಕ್ಕೆ. ಕಾಮನಬಿಲ್ಲಿನಂತಹ ತೋರಣದ ಬಾಗಿಲು. ಕೈಗೆಟಕುವ ಹೂಗೊಂಚಲುಗಳುಳ್ಳ ಎಳೆಯ ಮಂದಾರ. ಮರಕತದ ಮೆಟ್ಟಿಲುಗಳ ಕೊಳ. ಬಾಗಿಲ ಪಕ್ಕದಲ್ಲಿ ಬರೆದ ಶಂಖಪದ್ಮಗಳು. ಮೋಡಕ್ಕೂ ತಿಳಿಯುವಂತೆ ಹೇಳಿದನು. ಮನುಷ್ಯನಿಗೆ ತಿಳಿಯುವಂತೆ ನಾನು ಹೇಳದಾದೆನು.

ಆ ವರ್ಷದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನಲ್ಲಿ ಈ ದುಃಖವನ್ನು ತೋಡಿಕೊಂಡೆನು. ಅವನು, "ಮೇಷ್ಟ್ರೇ, ನಕ್ಷೆಯನ್ನು ನಾವೇ ಬರೆಯೋಣ" ಎಂದನು. ನಕ್ಷೆ ಬರೆಯುವುದು ಸರಕಾರದ ಕೆಲಸವೆಂದು ನಾನು ತಿಳಿದಿದ್ದೆನು. ೧೭೬೭ರಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯು ಹುಟ್ಟಿತು; ೧೮೦೨ರಲ್ಲಿ ಲ್ಯಾಂಬ್ಟನ್ ಎಂಬವರು ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಾಪನಕ್ಕೆ ತೊಡಗಿದರು. ಆ ಮಹಾಕಾರ್ಯಕ್ಕೆ ನಮಸ್ಕಾರ. ಆದರೆ ಅರ್ಧ ಕಿಲೋಮೀಟರನ್ನು ಒಂದು ಸೆಂಟಿಮೀಟರಿನಲ್ಲಿ ತೋರಿಸುವ ಹಾಳೆಯಲ್ಲಿ ನಮ್ಮ ಕಾಲುಸಂಕಕ್ಕೆ ಸ್ಥಳವೆಲ್ಲಿ?

ಶಿಷ್ಯನು ವಿವರಿಸಿದುದರ ಸಾರವಿದು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬ ತರುಣನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಆರಂಭಿಸಿದನು. ಅಂತರ್ಜಾಲದ ಮೂಲಕ ಯಾರು ಬೇಕಾದರೂ ಅದರಲ್ಲಿ ತಮ್ಮ ಊರನ್ನು ಬರೆಯಬಹುದು. ಯಾರು ಬೇಕಾದರೂ ಅದನ್ನು ಉಪಯೋಗಿಸಬಹುದು. ೨೦೧೦ರ ಜನವರಿಯಲ್ಲಿ ಹೈಟಿ ದೇಶವು ಭೂಕಂಪದಿಂದ ಧ್ವಂಸವಾದಾಗ, ಆ ದೇಶವನ್ನು ಕಂಡೇ ಅರಿಯದ ನೂರಾರು ಮಂದಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಅದರ ರಾಜಧಾನಿಯ ಬೀದಿಗಳನ್ನು ಬರೆದುಕೊಟ್ಟರು. ೨೦೧೫ರ ಏಪ್ರಿಲಿನಲ್ಲಿ ನೇಪಾಳವು ಕಂಪಿಸಿದಾಗ ಸಾವಿರಾರು ಮಂದಿ ಹಾಗೆಯೇ ಮಾಡಿದರು. ಸಂಬಳವಿಲ್ಲ, ಸನ್ಮಾನವಿಲ್ಲ. ನಿಷ್ಕಾಮಕರ್ಮವೆಂಬ ಪದದ ಅರ್ಥವನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ ನನಗೆ, ಅದರ ಉದಾಹರಣೆಯನ್ನು ಹುಡುಗನೇ ತೋರಿಸಿಕೊಟ್ಟನು.

ಹೀಗೆ ನಮ್ಮ ಕೂಟವು ಕೂಡಿತು. ಅವನು ಬೆಂಗಳೂರಿನಲ್ಲಿ, ಮತ್ತೊಬ್ಬನು ಮುಂಬಯಿಯಲ್ಲಿ, ತಂದೆಯ ಹೋಟೆಲಿನ ಗಲ್ಲಾದ ಹಿಂದೆ, ಇನ್ನೊಬ್ಬನು ದುಬಾಯಿಯಲ್ಲಿ, ಮದುವೆಯಾಗಿ ಪುಣೆಗೆ ಹೋದ ಹುಡುಗಿಯೊಬ್ಬಳು. ಊರಿನಲ್ಲಿರುವವನು ನಾನೊಬ್ಬನು. ರಾತ್ರಿ ಒಂಬತ್ತಕ್ಕೆ ಎಲ್ಲರೂ ದೂರವಾಣಿಯ ಪರದೆಯಲ್ಲಿ ಸೇರುತ್ತಿದ್ದೆವು. ಅವರು ಉಪಗ್ರಹದ ಚಿತ್ರವನ್ನು ನೋಡಿ ರಸ್ತೆ, ತೋಡು, ಮಾಡುಗಳನ್ನು ಬರೆಯುವರು. ಆದರೆ ತೆಂಗಿನ ತೋಟದೊಳಗಿನ ಕಾಲುದಾರಿಯು ಆಕಾಶಕ್ಕೆ ಕಾಣಿಸದು; ಸಂಕದ ಮೇಲೆ ಬಂಡಿ ಹೋಗುವುದೋ ಇಲ್ಲವೋ ಎಂಬುದೂ ಕಾಣಿಸದು. ಅದಕ್ಕೆ ನೆಲದ ಮೇಲೆ ನಡೆಯುವ ಕಾಲು ಬೇಕು. ಬೆಳಗ್ಗೆ ಕೊಡೆ ಹಿಡಿದು ನಾನು ಹೊರಡುತ್ತಿದ್ದೆನು. ಮೊಬೈಲು ನಾನು ನಡೆದ ಗೆರೆಯನ್ನು ತಾನೇ ಬರೆದುಕೊಳ್ಳುತ್ತಿತ್ತು.

ಅಮರಕೋಶದಲ್ಲಿ ದಾರಿಗೆ ಎಷ್ಟು ಹೆಸರುಗಳೆಂದು ನಾವು ಬಾಲ್ಯದಲ್ಲಿ ಬೇಸತ್ತು ಕಲಿತೆವು: ಅಯನ, ವರ್ತ್ಮ, ಮಾರ್ಗ, ಸರಣಿ, ಪದ್ಧತಿ, ಏಕಪದೀ. ಜನರಿಲ್ಲದ ದೂರದ ದಾರಿಯು ಪ್ರಾಂತರ, ದುರ್ಗಮವಾದುದು ಕಾಂತಾರ, ನಾಲ್ಕು ದಾರಿ ಕೂಡಿದ ಸ್ಥಳವು ಶೃಂಗಾಟಕ. ಈ ನಕ್ಷೆಯಲ್ಲಿಯೂ ಅಂತಹುದೇ ವಿಂಗಡಣೆಯಿದೆಯೆಂದು ಕಂಡು ನನಗೆ ಪರಮಾಶ್ಚರ್ಯವಾಯಿತು. ಹೆದ್ದಾರಿ, ಮನೆಗಳ ನಡುವಿನ ರಸ್ತೆ, ಗದ್ದೆಯ ಬಂಡಿದಾರಿ, ಕೇವಲ ಕಾಲ್ನಡೆಯ ದಾರಿ, ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು. ಆ ಒಂದು ಗುರುತು ಸರಿಯಾಗಿದ್ದಿದ್ದರೆ ಆಷಾಢದ ಬಂಡಿಯು ಕಾಲುಸಂಕಕ್ಕೆ ಬರುತ್ತಿರಲಿಲ್ಲ.

ಒಂದು ದಿನ ಯಾವ ದೇಶದವರೋ ತಿಳಿಯದ ಒಬ್ಬರು, ನಾವು ಹೊಳೆಯ ಕವಲೆಂದು ಬರೆದುದನ್ನು ನೋಡಿ, "ಇದರ ಅಂಚು ನೇರವಾಗಿದೆಯಲ್ಲ, ಹೊಳೆಯೇ ಹೌದೇ?" ಎಂದು ಬರೆದು ಕೇಳಿದರು. ಹೋಗಿ ನೋಡಿದರೆ ಅದು ಸಿಗಡಿ ಸಾಕುವ ಕೊಳ! ಊರವರು ಗಮನಿಸದುದನ್ನು ಪರದೇಶಸ್ಥರು ಗಮನಿಸಿದರು. ತಿದ್ದಿದವರು ಯಾರು, ಯಾವಾಗ ತಿದ್ದಿದರು ಎಂಬುದೆಲ್ಲವೂ ಅಲ್ಲಿ ದಾಖಲಾಗಿ ಉಳಿಯುತ್ತದೆ. ತಪ್ಪಾದರೆ ಹಿಂದಿನ ಸ್ಥಿತಿಗೆ ತರಬಹುದು. ಶಾಲೆಯ ಉತ್ತರಪತ್ರಿಕೆಗಳಿಗೂ ಇಂತಹ ಏರ್ಪಾಡು ಇದ್ದಿದ್ದರೆ ಅನೇಕ ಮೇಷ್ಟ್ರುಗಳ ಮಾನವು ಉಳಿಯುತ್ತಿತ್ತು.

ಎಲ್ಲವೂ ಸುಗಮವಾಗಿ ನಡೆಯಿತೆಂದು ಹೇಳಲಾರೆನು. ಒಬ್ಬ ಗೃಹಸ್ಥರು ತಮ್ಮ ಹಾಡಿಯೊಳಗಿನ ದಾರಿಯನ್ನು ಬರೆದುದಕ್ಕೆ ಕೋಪಗೊಂಡರು. "ಇಂದು ನಕ್ಷೆಯಲ್ಲಿ ಬರೆಯುತ್ತೀರಿ, ನಾಳೆ ಸಾರ್ವಜನಿಕವೆನ್ನುತ್ತೀರಿ" ಎಂದರು. ಅವರ ಭಯವು ನಿರಾಧಾರವೆನ್ನುವಂತಿರಲಿಲ್ಲ. ಖಾಸಗಿ ದಾರಿಗೆ ಬೇರೆ ಗುರುತು ಉಂಟು. ಅದನ್ನು ಹಾಕಿ ತೋರಿಸಿದ ಮೇಲೆ ಶಾಂತರಾಗಿ ಎಳನೀರು ಕೊಟ್ಟರು.

ಇದಕ್ಕಿಂತ ಕಠಿಣವಾದುದು ಒಂದು ಕೇರಿಯ ಹೆಸರು. ತೋಡಿನ ಬದಿಯ ಏಳೆಂಟು ಮನೆಗಳನ್ನು ಊರಿನವರು ಜಾತಿಯ ಹೆಸರು ಹಿಡಿದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದವನು. ಹಳೆಯ ಹೆಸರುಗಳು ಚರಿತ್ರೆಯ ಸಾಕ್ಷಿಗಳು, ಅವನ್ನು ಅಳಿಸಕೂಡದೆಂಬ ಪಂಡಿತವಾದವನ್ನು ಹೂಡಿ, ಅದನ್ನೇ ಬರೆಯಲು ನಾನು ಹೊರಟಿದ್ದೆನು. ಪುಣೆಯ ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿರುವವರನ್ನು ಕೇಳಿದಿರಾ ಮೇಷ್ಟ್ರೇ?" ಎಂದಳು. ಕೇಳಿರಲಿಲ್ಲ. ಮರುದಿನ ಹೋದೆನು. ಆ ಕೇರಿಯ ಅಂಗಳಕ್ಕೆ ನಾನು ಕಾಲಿಟ್ಟುದು, ಮೂವತ್ತು ವರ್ಷ ಅದೇ ಮನೆಗಳ ಮಕ್ಕಳಿಗೆ ಪಾಠ ಹೇಳಿದ್ದರೂ, ಅದೇ ಮೊದಲು. ಮುದುಕಿಯೊಬ್ಬಳು ಚಾಪೆ ಹಾಸಿದಳು. ಅವರು ತಮ್ಮೊಳಗೆ ತಮ್ಮ ನೆಲೆಯನ್ನು ಕರೆಯುವ ಹೆಸರು ಬೇರೆಯೇ ಇತ್ತು. ಅಲ್ಲಿನ ಹಳೆಯ ಹಲಸಿನ ಮರದ ಹೆಸರು ಅದು. ನಕ್ಷೆಯಲ್ಲಿ ಈಗ ಇರುವುದು ಅದೇ. ನನ್ನ ಚರಿತ್ರೆಯ ಸಾಕ್ಷಿಯು ಅವರ ಮಟ್ಟಿಗೆ ಬೈಗುಳವಾಗಿದ್ದಿತೆಂಬುದನ್ನು ಅರವತ್ತು ದಾಟಿದ ಮೇಲೆ ತಿಳಿದೆನು.

ಫಾಲ್ಗುಣ ಚೈತ್ರಗಳಲ್ಲಿ ಬಾವಿಗಳ ಸರದಿ. ಹೊಳೆಯಲ್ಲಿ ಸಿಹಿನೀರು ಇಳಿದ ಕೂಡಲೆ ಭರತದ ಉಪ್ಪು ನೀರು ತೋಡುಗಳಲ್ಲಿ ಮೇಲೇರಿ, ಬದಿಯ ಬಾವಿಗಳನ್ನು ಕೆಡಿಸುತ್ತದೆ. ಮಳೆಗಾಲವು ಕಳೆದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಡುವುದು ಇದನ್ನು ತಡೆಯುವುದಕ್ಕಾಗಿಯೇ. ಯಾವ ಬಾವಿಯು ಯಾವ ತಿಂಗಳಲ್ಲಿ ಉಪ್ಪಾಗುವುದೆಂಬುದು ಹೆಂಗಸರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿಯದು. ಅವರನ್ನು ಕೇಳಿ, ಮನೆಯವರ ಹೆಸರನ್ನು ಬಿಟ್ಟು, ಬಾವಿಗಳನ್ನು ಮಾತ್ರ ಗುರುತಿಸಿದೆವು. ಅದರ ಪ್ರತಿಯನ್ನು ಗ್ರಾಮಸಭೆಯಲ್ಲಿ ಹಂಚಿದೆವು. ಬೇಸಗೆಯಲ್ಲಿ ನೀರಿನ ಟ್ಯಾಂಕರು ಮೊದಲು ಎಲ್ಲಿಗೆ ಹೋಗಬೇಕೆಂಬ ವಾದವು ಆ ವರ್ಷ ಬೇಗನೆ ಮುಗಿಯಿತು. ಕಾಲುಸಂಕದ ಸ್ಥಳದಲ್ಲಿ ಸೇತುವೆ ಬೇಕೆಂಬ ಅರ್ಜಿಗೂ ನಕ್ಷೆಯನ್ನು ಲಗತ್ತಿಸಿದ್ದೇವೆ. ಸೇತುವೆ ಇನ್ನೂ ಆಗಿಲ್ಲ. ದೂರದಲ್ಲಿರುವ ಮಕ್ಕಳು ಎಷ್ಟು ಗೆರೆ ಎಳೆದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಕೆಲಸವು ಊರಿನಲ್ಲಿರುವವರದೇ ಆಗಿದೆ.

ಕೆಲಸವು ಬಹುಮಟ್ಟಿಗೆ ಮುಗಿದಾಗ ಅತ್ತಿಗೆಯವರ ಮನೆಯೊಂದು ಉಳಿದಿತ್ತು. ಅಣ್ಣನ ಕಾಲದಿಂದ ನಾವೆಲ್ಲರೂ ಅದನ್ನು "ಆಚೆ ಮನೆ" ಎಂದೇ ಕರೆಯುತ್ತಿದ್ದೆವು. ಈಚೆಯವರಿಗೆ ಅದು ಆಚೆ. ನಕ್ಷೆಗೆ ಅದು ಹೆಸರಾಗದು. ನಿಜವಾದ ಹೆಸರೇನೆಂದು ಹಿರಿಯರಾರೂ ಹೇಳದಾದರು. ಕೊನೆಗೆ ಅತ್ತಿಗೆಯವರನ್ನೇ ಕೇಳಿದೆನು. ಮಾತು ಇನ್ನೂ ತೊದಲುತ್ತಿದ್ದುದರಿಂದ ನನ್ನ ಲೇಖನಿಯನ್ನು ಎಡಗೈಯಲ್ಲಿ ತೆಗೆದುಕೊಂಡು, ಒಂದನೆಯ ತರಗತಿಯ ಮಕ್ಕಳಂತೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ "ಕೇದಗೆಬೈಲು" ಎಂದು ಬರೆದರು. ಅವರು ಮದುವೆಯಾಗಿ ಬಂದಾಗ ತೋಡಿನ ಅಂಚಿಗೆಲ್ಲ ಕೇದಗೆಯ ಹಿಂಡಿಲಿತ್ತಂತೆ; ಅತ್ತೆಯವರು ಆ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಐವತ್ತು ವರ್ಷ ನಾವು ಯಾರೂ ಕೇಳದ ಹೆಸರು!

ಆ ರಾತ್ರಿಯೇ ಮುಂಬಯಿಯ ಹುಡುಗನು ಅದನ್ನು ಕನ್ನಡದಲ್ಲಿ ಬರೆದು ಸೇರಿಸಿದನು. ಮರುದಿನ ಮೊಬೈಲನ್ನು ಅತ್ತಿಗೆಯವರ ಮುಂದೆ ಹಿಡಿದೆನು. ಬಹಳ ಹೊತ್ತು ನೋಡಿ, ಸುತ್ತಿ ಬರುವ ಬಂಡಿದಾರಿಯ ಮೇಲೆ ಎಡಗೈಯ ಬೆರಳನ್ನು ಮೆಲ್ಲನೆ ಎಳೆಯುತ್ತ ಬಂದು, ಮನೆಯ ಮೇಲೆ ನಿಲ್ಲಿಸಿದರು. "ಈಗ ಬತ್ರ್" ಎಂದರು. ಈಗ ಬರುವರು ಎಂದರ್ಥ.

ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ನಿಮ್ಮ ಮಕ್ಕಳು ಪರಸ್ಥಳದಲ್ಲಿದ್ದರೆ, ಹಬ್ಬಕ್ಕೆ ಬಂದಾಗ ಅವರನ್ನು ಕರೆದುಕೊಂಡು ಮನೆಯಿಂದ ರಸ್ತೆಯ ತನಕ ಒಮ್ಮೆ ನಡೆಯಿರಿ. ದಾರಿಯ ಅಶ್ವತ್ಥವು ಇನ್ನೂ ಇದೆಯೋ ನೋಡಿರಿ. ಮನೆಯ ಹೆಸರನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಮಳೆಗಾಲವು ಬರುವುದಕ್ಕೆ ಮುಂಚೆ ಇದನ್ನು ಮಾಡುವುದು ಉತ್ತಮ.