ಉದ್ದ ಕೋಲು, ಗಿಡ್ಡ ಕೋಲು: ಮನೆಯ ರಕ್ಷಣೆಗೆ ಯಾವುದು?

ಕೈಯಲ್ಲಿದ್ದ ಕೋಲಿನ ಬಗ್ಗೆ ಅಲ್ಲಾಹನು ಪ್ರವಾದಿ ಮೂಸಾ(ಅ)ರನ್ನು ವಿಚಾರಿಸಿದ ಸಂದರ್ಭವು ಪವಿತ್ರ ಕುರ್‌ಆನಿನ ‘ತಾಹಾ’ ಅಧ್ಯಾಯದಲ್ಲಿ ಬರುತ್ತದೆ. ಅದಕ್ಕೆ ಊರಿಕೊಳ್ಳುವುದನ್ನೂ ಆಡುಗಳಿಗೆ ಎಲೆ ಉದುರಿಸುವುದನ್ನೂ ಅವರು ಹೇಳಿದರು. ಇನ್ನಿತರ ಉಪಯೋಗಗಳೂ ಇವೆ ಎಂದರು. ಹೊಡೆದಾಟವನ್ನು ಹೆಸರಿಸಲಿಲ್ಲ. ಕೋಲು ಮೊದಲು ಆಸರೆ, ಬಳಿಕ ಉಪಕರಣ. ಅದು ಆಯುಧವಾಗುವುದು ಬೇರೆ ದಾರಿಯೇ ಇಲ್ಲದಾಗ. ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾವಿಲ್ಲಿ ಒಂದು ಪ್ರಾಯೋಗಿಕ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಿದ್ದೇವೆ.

ಇದು ನಮ್ಮ ಮದ್ರಸದ ಇಬ್ಬರು ವಿದ್ಯಾರ್ಥಿನಿಯರ ತಾಯಿ ಕೇಳಿದ ಪ್ರಶ್ನೆ. ಪತಿ ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ಆಕೆ, ಇಬ್ಬರು ಹೆಣ್ಣುಮಕ್ಕಳು, ವಯಸ್ಸಾದ ಅತ್ತೆ. ನೆರೆಮನೆಗೆ ಕಳ್ಳರು ನುಗ್ಗಿದಂದಿನಿಂದ ಆಕೆಗೆ ರಾತ್ರಿ ನಿದ್ದೆಯಿಲ್ಲ. “ಉಸ್ತಾದರೇ, ನೀವು ಕೋಲಿನ ವಿದ್ಯೆ ಕಲಿತವರಂತೆ. ಮನೆಯಲ್ಲಿ ಉದ್ದ ಕೋಲು ಇಟ್ಟುಕೊಳ್ಳಬೇಕೋ, ಗಿಡ್ಡದ್ದೋ? ಮಕ್ಕಳಿಗೆ ಯಾವುದನ್ನು ಕಲಿಸಲಿ?” ಎಂದು ಕೇಳಿದರು. ಯೌವನದಲ್ಲಿ ಒಬ್ಬ ಕಳರಿ ಗುರುಗಳ ಬಳಿ ನಾವು ಕೆಲವು ವರ್ಷ ಅಭ್ಯಾಸ ಮಾಡಿದ್ದುಂಟು. ಆಕೆಗೆ ಹೇಳಿದ್ದು ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಕನ್ನಡದಲ್ಲಿ ಅದಕ್ಕೆ ದೊಣ್ಣೆವರಸೆ ಎಂಬ ಹೆಸರೇ ಇದೆ. ತಮಿಳುನಾಡಿನ ಸಿಲಂಬದಲ್ಲಿ ಬಿದಿರಿನ ಕೋಲು ಸಾಮಾನ್ಯವಾಗಿ ಆಡುವವರ ಹಣೆಯ ಎತ್ತರಕ್ಕಿರುತ್ತದೆ. ಕೇರಳದ ಕಳರಿಪಯಟ್ಟಿನಲ್ಲಿ ಎರಡೂ ಬಗೆಯಿವೆ: ಹೆಚ್ಚುಕಡಿಮೆ ಆಳೆತ್ತರದ ಕೆಟ್ಟುಕಾರಿ ಮತ್ತು ಮೂರು ಗೇಣಿನ ಮುಚ್ಚಾಣ್. ಗಿಡ್ಡ ಕೋಲನ್ನೇ ಮುಖ್ಯವಾಗಿಸಿಕೊಂಡದ್ದು ಫಿಲಿಪ್ಪೀನ್ಸಿನ ಅರ್ನಿಸ್. ಅಲ್ಲಿನ ಬೆತ್ತದ ಕೋಲು ಸುಮಾರು 28 ಅಂಗುಲ, ಅಂದರೆ 70 ಸೆಂಟಿಮೀಟರ್. ಆ ದೇಶವು 2009ರಲ್ಲಿ ಅರ್ನಿಸನ್ನು ರಾಷ್ಟ್ರೀಯ ಸಮರಕಲೆಯೆಂದು ಕಾನೂನಿನ ಮೂಲಕವೇ ಘೋಷಿಸಿತು. ಬೆತ್ತ ಎಂದೊಡನೆ ಮದ್ರಸದಲ್ಲಿ ಓದಿದವರಿಗೆ ಬೇರೊಂದು ನೆನಪಾದೀತು. ಆದರೆ ಅವರು ಬೆತ್ತವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪೆಟ್ಟಿಗೆ ಪೆಟ್ಟು ಬಿದ್ದಾಗ ಅದು ಸಿಡಿದು ಚೂರಾಗುವುದಿಲ್ಲ, ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ.

ಉದ್ದ ಕೋಲಿನ ಬಲವಿರುವುದು ಅಂತರದಲ್ಲಿ. ಎರಡು ಕೈಗಳಿಂದ ಹಿಡಿಯುವುದರಿಂದ ತೋಳ್ಬಲ ಕಡಿಮೆಯಿದ್ದವರ ಪೆಟ್ಟಿಗೂ ತೂಕ ಬರುತ್ತದೆ. ಎದುರಾಳಿಯ ಕೈಯಲ್ಲಿ ಚೂರಿಯಿದ್ದರೆ ಅದು ನಮ್ಮನ್ನು ಮುಟ್ಟುವ ಮೊದಲೇ ಕೋಲಿನ ತುದಿ ಅವನನ್ನು ತಡೆಯುತ್ತದೆ. ಅಂಗಳದಲ್ಲಾಗಲಿ, ಸುಬ್‌ಹಿ ನಮಾಝಿಗೆ ಹೊರಟ ಹಿರಿಯರನ್ನು ಬೀದಿನಾಯಿಗಳು ಅಡ್ಡಗಟ್ಟುವ ದಾರಿಯಲ್ಲಾಗಲಿ ಇದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ. ಬೀಸುವ ಅಗತ್ಯವೂ ಇಲ್ಲ. ತುದಿಯನ್ನು ತಗ್ಗಿಸಿ ನಾಯಿಗೂ ನಮಗೂ ನಡುವೆ ಹಿಡಿದು, ಓಡದೆ ಮೆಲ್ಲನೆ ಹಿಂದೆ ಸರಿದರೆ ಸಾಕು.

ಅದೇ ಕೋಲನ್ನು ಮನೆಯ ಓಣಿಯಂಥ ನಡುಮನೆಗೆ ತಂದರೆ ಅದರ ದೌರ್ಬಲ್ಯ ತಿಳಿಯುತ್ತದೆ. ಬೀಸಲು ಹೋದರೆ ಗೋಡೆಗೆ, ಕಪಾಟಿಗೆ, ಫ್ಯಾನಿಗೆ ತಗಲುತ್ತದೆ. ನೇರವಾಗಿ ತಿವಿಯುವುದೊಂದೇ ಉಳಿಯುತ್ತದೆ. ಎದುರಾಳಿ ತುದಿಯನ್ನು ದಾಟಿ ಒಳಬಂದರೆ, ಅಥವಾ ಅದನ್ನೇ ಹಿಡಿದೆಳೆದರೆ, ನಮ್ಮ ಎರಡೂ ಕೈಗಳು ಕೋಲಿಗೆ ಸೆರೆಯಾಗುತ್ತವೆ.

ಗಿಡ್ಡ ಕೋಲು ಈ ಇಕ್ಕಟ್ಟಿನಲ್ಲೇ ಚುರುಕಾಗುತ್ತದೆ. ಒಂದೇ ಕೈ ಸಾಕಾಗುವುದರಿಂದ ಇನ್ನೊಂದು ಕೈಯಲ್ಲಿ ಮಗುವನ್ನು ಹಿಂದಕ್ಕೆ ಸರಿಸಬಹುದು, ಚಿಲಕ ತೆಗೆಯಬಹುದು, ಫೋನು ಹಿಡಿಯಬಹುದು. ಅರ್ನಿಸ್ ಕಲಿಸುವವರು ಎದುರಾಳಿಯ ತಲೆಗಿಂತ ಮೊದಲು ಆಯುಧ ಹಿಡಿದ ಕೈಗೆ ಹೊಡೆಯಲು ಕಲಿಸುತ್ತಾರೆ. ಹಾವಿನ ವಿಷದ ಹಲ್ಲು ಕೀಳುವುದು ಎಂದು ಅದನ್ನು ಕರೆಯುತ್ತಾರೆ. ಕೈಯಿಂದ ಚೂರಿ ಬಿದ್ದರೆ ಕೆಲಸ ಮುಗಿಯಿತು, ಒಂದು ಜೀವವೂ ಉಳಿಯಿತು. ಆದರೆ ಗಿಡ್ಡ ಕೋಲು ಬೇಡುವ ಬೆಲೆ ದೊಡ್ಡದು: ಹೊಡೆಯಬೇಕಾದರೆ ನಾವೂ ಚೂರಿಯ ಅಳತೆಯೊಳಗೆ ಹೋಗಲೇಬೇಕು. ಅಭ್ಯಾಸವಿಲ್ಲದವರಿಗೆ ಅದು ಅಪಾಯಕಾರಿ.

ನಮಗೆ ಕಲಿಸಿದ ಕಳರಿಯಲ್ಲಿ ಮೊದಲು ಕೈಗೆ ಬರುತ್ತಿದ್ದುದು ಕೆಟ್ಟುಕಾರಿ, ಮುಚ್ಚಾಣ್ ಆಮೇಲೆ. ಆ ಕ್ರಮದಲ್ಲಿ ವಿವೇಕವಿದೆ. ಉದ್ದ ಕೋಲು ಹೆಜ್ಜೆಯನ್ನೂ ಅಂತರವನ್ನೂ ಕಲಿಸುತ್ತದೆ. ಅಂತರ ತಿಳಿದವರ ಕೈಯಲ್ಲಿ ಮಾತ್ರ ಗಿಡ್ಡ ಕೋಲು ಕೆಲಸಕ್ಕೆ ಬರುತ್ತದೆ. ಆದ್ದರಿಂದ ಆ ತಾಯಿಗೆ ನಾವು ಹೀಗೆಂದೆವು: “ಮಕ್ಕಳು ಉದ್ದ ಕೋಲಿನಿಂದ ಕಲಿಯಲಿ. ಮಲಗುವ ಕೋಣೆಯಲ್ಲಿ ತೋಳುದ್ದದ ಗಟ್ಟಿ ಕೋಲೊಂದಿರಲಿ. ಆದರೆ ಸದ್ದಾದಾಗ ನಾಲ್ವರೂ ಒಂದೇ ಕೋಣೆ ಸೇರಿ ಬಾಗಿಲು ಭದ್ರಪಡಿಸಿ, 112ಕ್ಕೆ ಕರೆ ಮಾಡಿ, ಕೂಗಿ ನೆರೆಯವರನ್ನು ಎಬ್ಬಿಸಿ. ಕಳ್ಳ ಒಡವೆ ಒಯ್ದರೆ ಒಯ್ಯಲಿ, ಬೆನ್ನಟ್ಟಬೇಡಿ. ಕೋಲಿರುವುದು ಆ ಬಾಗಿಲು ಒಡೆದು ಬಂದವನಿಗೆ ಮಾತ್ರ.”

ಯುವಕರಿಗೂ ಒಂದು ಮಾತಿದೆ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ನಮಗೆ ಕೊಟ್ಟಿವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕಿಲ್ಲವೆಂದು 37ನೇ ಕಲಮು ಹೇಳುತ್ತದೆ. ಬಿದ್ದವನಿಗೆ ಹೊಡೆದ ಎರಡನೆಯ ಪೆಟ್ಟು ರಕ್ಷಣೆಯೆನಿಸದು. ನಿಷೇಧಾಜ್ಞೆ ಜಾರಿಯಲ್ಲಿರುವಾಗ ಬೀದಿಯಲ್ಲಿ ದೊಣ್ಣೆ ಹಿಡಿದು ನಡೆಯುವುದೇ ಅಪರಾಧವಾಗಬಹುದು. ಆದರೆ ಅಜ್ಜನ ಊರುಗೋಲನ್ನೂ ಮಳೆಗಾಲದ ಕೊಡೆಯನ್ನೂ ಕಂಡು ಯಾರೂ ಬೆದರುವುದಿಲ್ಲ. ಅಂತರ ಕಾಯ್ದುಕೊಳ್ಳಲು ಬಲ್ಲವರಿಗೆ ಅವೂ ಸಾಕು.

ಹೋರಾಡುವವರೊಡನೆ ಹೋರಾಡುವಾಗಲೂ ಮಿತಿ ಮೀರಬಾರದೆಂಬುದು ಕುರ್‌ಆನಿನ ಆದೇಶ. ಎದುರಾಳಿಯನ್ನು ಕೆಡವುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬುದು ಪ್ರವಾದಿ(ಸ)ರ ಬೋಧನೆ. ಕೋಲಿನ ವಿದ್ಯೆಯನ್ನು ಪ್ರಾಮಾಣಿಕವಾಗಿ ಕಲಿತವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ, ಏಕೆಂದರೆ ಒಂದು ಪೆಟ್ಟು ಎಷ್ಟು ನೋಯುತ್ತದೆಂದು ಅವನ ಬೆರಳುಗಳಿಗೆ ಗೊತ್ತಿರುತ್ತದೆ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ, ನಮ್ಮ ಕೈಗಳನ್ನು ಅನ್ಯಾಯದಿಂದ ದೂರವಿರಿಸಲಿ. ಆಮೀನ್.